ಮಾರಾಟಕ್ಕುಂಟು

ಸ್ಕ್ಯಾಲೊವೇ ಬಂದರು, ಬೆಳಗಿನ ಐದೂವರೆ.
ಶೆಟ್‌ಲ್ಯಾಂಡಿನ ಡಿಸೆಂಬರಿನಲ್ಲಿ ಬೆಳಗು ಅನ್ನುವುದು
ಬರೀ ಗಡಿಯಾರದ ಮಾತು,
ಸೂರ್ಯ ಒಂಬತ್ತಾದರೂ ಒಪ್ಪುವುದಿಲ್ಲ.

ಬಿಳಿ ದೀಪದ ಕೆಳಗೆ ಪೆಟ್ಟಿಗೆಗಳ ಸಾಲು.
ಕಾಡ್, ಹ್ಯಾಡಕ್ ಎಲ್ಲ ದೊಡ್ಡ ಮನೆತನದವು:
ಮುತ್ತಜ್ಜನ ತೂಕವೂ ಕಡತದಲ್ಲಿದೆ,
ಈ ವರ್ಷ ಹುಟ್ಟಿದವೆಷ್ಟು, ಬರುವ ವರ್ಷ ಹಿಡಿಯಬಹುದಾದದ್ದೆಷ್ಟು,
ವಾದಿಸಲು ಊರೂರಿನಿಂದ ಪಂಡಿತರು ಬರುತ್ತಾರೆ.

ನನ್ನ ಕೆಲಸ ಕೊನೆಯ ಮೂಲೆಯಲ್ಲಿ.
ನನ್ನ ಹಾಳೆಯಲ್ಲಿ ಟಸ್ಕ್,
ಅಜ್ಜಿಯ ಬಾಯಲ್ಲಿ ಬ್ರಿಸ್ಮಕ್.
ಗದ್ದಕ್ಕೆ ಒಂಟಿ ಮೀಸೆ, ರೆಕ್ಕೆಯ ಅಂಚಿಗೆ
ಸುಣ್ಣದ ಬೆರಳಲ್ಲಿ ಎಳೆದಂಥ ಗೆರೆ.
ಹರಾಜಾಗುತ್ತದೆ, ಲಾರಿ ಹತ್ತುತ್ತದೆ,
ಯಾವುದೋ ಊರಿನ ತಟ್ಟೆಯಲ್ಲಿ ಹಬೆಯಾಡುತ್ತದೆ.
ಎಷ್ಟು ವರ್ಷ ಬದುಕುತ್ತೆ, ಎಷ್ಟಕ್ಕೆ ಮೊಟ್ಟೆ ಕಟ್ಟುತ್ತೆ,
ಕೆಳಗೆ ಇನ್ನೂ ಎಷ್ಟಿವೆ ಎಂದು ಕೇಳಿ ನೋಡಿ.
ಮಾರಾಟಕ್ಕುಂಟು, ಲೆಕ್ಕಕ್ಕಿಲ್ಲ.

ಹಲಗೆಯ ಮೇಲೆ ಮಲಗಿಸುತ್ತೇನೆ, ಮೂತಿ ತುದಿಗೆ ತಾಗಬೇಕು.
ಐವತ್ತೊಂದು. ನಲವತ್ತೇಳು. ಐವತ್ತಾರು.
ಗಂಡೋ ಹೆಣ್ಣೋ?
ಆ ಉತ್ತರ ಕರುಳಿನ ಜೊತೆ ದೋಣಿಯಿಂದಲೇ ಹೋಯಿತು,
ಹಿಂದೆ ಹಾರುವ ಹಕ್ಕಿಗಳ ಹೊಟ್ಟೆಗೆ.
ಹಾಳೆಯ ಆ ಕಂಬಸಾಲು ಮೂರು ವರ್ಷದಿಂದ
ಹಿಮ ಬಿದ್ದ ಗುಡ್ಡದ ಹಾಗೆ ಖಾಲಿ.

'ಟೈಸ್ಟಿ' ದೋಣಿಯ ಮ್ಯಾಗ್ನಿ ಇಸ್ಬಿಸ್ಟರ್‌ಗೆ ಕೇಳಿದ್ದೆ:
ಒಂದು ಪೆಟ್ಟಿಗೆ, ಒಂದೇ ಒಂದು, ಸೀಳದೆ ತಂದುಕೊಡು.
ಅವನು ಹಗ್ಗ ಸುತ್ತುತ್ತಲೇ ಅಂದಿದ್ದ,
"ಓಸ್ಲಾ, ನೀನು ಇವತ್ತು ಬರೆದುಕೊಂಡದ್ದು
ನಾಳೆ ನನ್ನ ಬಲೆಗೆ ಬೀಗ."
ಸುಳ್ಳು ಹೇಳಲಾರೆ. "ಆಗಬಹುದು" ಅಂದೆ.
"ಬರೆಯದಿದ್ದರೆ ಬೀಗ ಕಣ್ಣುಮುಚ್ಚಿ ಬೀಳುತ್ತೆ."
ಅವನು ಸಮುದ್ರಕ್ಕೆ ಉಗಿದ. ನನಗಲ್ಲ ಅಂದುಕೊಂಡೆ.

ಫೆಬ್ರವರಿ ಬಂತು, ಗಾಳಿ ಎರಡು ವಾರ ದೋಣಿ ಬಿಡಿಸಲಿಲ್ಲ.
ಆಮೇಲೊಂದು ದಿನ, ಸಾಲಿನ ಹೊರಗೆ, ತಕ್ಕಡಿಯ ಹಿಂದೆ
ಒಂದು ಪೆಟ್ಟಿಗೆ. ಮೇಲೆ ಹರಿದ ರಟ್ಟು, ನೀಲಿ ಬಳಪ:
ಹಿಡಿದ ಜಾಗ, ನೂರಾಹತ್ತು ಮಾರು ಆಳ,
ಎಳೆದ ಹೊತ್ತು. ಹೆಸರಿಲ್ಲ.
ಜೀವ ಬಾಯಿಗೆ ಬಂತು ಅನ್ನುತ್ತೇವಲ್ಲ,
ಇವಕ್ಕೆ ನಿಜವಾಗಿ ಬಂದಿತ್ತು:
ಮೇಲೇರುವಾಗ ಉಬ್ಬಿ, ಹೊಟ್ಟೆಯೇ ತುಟಿಯಾಚೆ
ಗುಲಾಬಿ ಬಲೂನಾಗಿ ನಿಂತಿತ್ತು.
ಸೀಳಿದೆ. ಹೆಣ್ಣು. ಹೆಣ್ಣು. ಗಂಡು. ಹೆಣ್ಣು.
ಕೈಗವಸಿನ ರಕ್ತ ಹಾಳೆಗೆ ಹತ್ತಿದ್ದೂ ತಿಳಿಯಲಿಲ್ಲ.

ನೀರಿನಲ್ಲಿ ಮೀನಿನ ಹೆಜ್ಜೆ ಮೂಡುವುದಿಲ್ಲ ಅನ್ನುತ್ತಾರೆ.
ಮೂಡುತ್ತದೆ, ಕಿವಿಯೊಳಗೆ.
ಅಲ್ಲೊಂದು ಕಲ್ಲು, ಅಕ್ಕಿಕಾಳಿಗಿಂತ ತುಸು ದೊಡ್ಡದು,
ಅಡ್ಡ ಕೊಯ್ದು ದೀಪ ಹಿಡಿದರೆ
ಬೇಸಿಗೆಗೊಂದು ಬಳೆ, ಚಳಿಗೊಂದು ಬಳೆ.
ಅರವತ್ತೆಂಟು ಸೆಂಟಿಮೀಟರಿನ ಅವಳದ್ದು ಎಣಿಸಿದೆ:
ಹತ್ತೊಂಬತ್ತು.

ಮ್ಯಾಗ್ನಿಗೆ ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದ.
"ನಾನು ದೋಣಿ ಕೊಂಡ ವರ್ಷ ಹುಟ್ಟಿದವಳು!
ಸಾಲದ ಅಷ್ಟೂ ಕಂತು ಮೇಲೆ ನಾನು ಕಟ್ಟುವಾಗ
ಕೆಳಗೆ ಆರಾಮಾಗಿ ಇದ್ದಳೇನು?"
ನಗಲಿಲ್ಲ ಅವನು. ಸ್ವಲ್ಪ ಹೊತ್ತಿನ ಮೇಲೆ,
"ಎಷ್ಟು ಸಲ ಮೊಟ್ಟೆ ಇಟ್ಟಿರಬಹುದು?"
ಮೊದಲ ಸಲ ಅವನೇ ಕೇಳಿದ ಪ್ರಶ್ನೆ.
ಗೊತ್ತಿಲ್ಲ ಅಂದೆ. ಇನ್ನೊಂದು ಪೆಟ್ಟಿಗೆ ಬೇಕು ಅನ್ನಲಿಲ್ಲ.

ಅದೇ ಕಲ್ಲನ್ನು ಅಬರ್ಡೀನಿನ ಕಣ್ಣೊಂದು ನೋಡಿ
ಹದಿನೇಳು ಎಂದು ಬರೆದು ಕಳಿಸಿದೆ.
ಮತ್ತೆ ದೀಪ ಹಚ್ಚಿದ್ದೇನೆ, ಮತ್ತೆ ಎಣಿಸುತ್ತಿದ್ದೇನೆ.
ಆಳದಲ್ಲಿ ಅವಳು ಬದುಕಿದ್ದಳೋ ಇಲ್ಲವೋ ಎಂದು
ನಾವಿಬ್ಬರು ಜಗಳವಾಡುತ್ತಿರುವ
ಆ ಎರಡು ಚಳಿಗಾಲ
ಮಸುಕಾಗಿ, ಅಂಟಿಕೊಂಡು, ಅಂಚಿನಲ್ಲಿವೆ.